ತೂಕ ಇಳಿಸುವಾಗ ದಿನದ ಕ್ಯಾಲೊರಿ ಲೆಕ್ಕ ಹಳಿ ತಪ್ಪದಿರಲು: ನಮ್ಮ ಅಡುಗೆಮನೆಗೆ ಹೊಂದುವ ಒಂದು ಕ್ರಮ

ತೂಕ ಇಳಿಸಲು ಹೊರಟ ಬಹುತೇಕರಿಗೆ ದಿನಕ್ಕೆ ಎಷ್ಟು ಕ್ಯಾಲೊರಿ ತಿನ್ನಬೇಕೆಂಬುದು ಮೊದಲ ದಿನವೇ ಗೊತ್ತಾಗಿರುತ್ತದೆ. ವಯಸ್ಸು, ಎತ್ತರ, ತೂಕ ಕೊಟ್ಟರೆ ಮೊಬೈಲಿನ ಆ್ಯಪ್ ಒಂದು ನಿಮಿಷದಲ್ಲಿ ಆ ಅಂಕಿಯನ್ನು ಹೇಳಿಬಿಡುತ್ತದೆ. ಕಷ್ಟವೆಲ್ಲ ಇರುವುದು ಆ ಅಂಕಿಯನ್ನು ಸೋಮವಾರದಿಂದ ಭಾನುವಾರದವರೆಗೆ, ಆಷಾಢದಿಂದ ದೀಪಾವಳಿಯವರೆಗೆ ಕೈಬಿಡದೆ ಹಿಡಿದುಕೊಂಡು ಹೋಗುವುದರಲ್ಲಿ. ಇಂಥ ಆ್ಯಪ್‌ಗಳು ತನ್ನ ಊಟವನ್ನು ತಾನೇ ತಯಾರಿಸಿ ತನ್ನ ತಟ್ಟೆಗೆ ಹಾಕಿಕೊಳ್ಳುವ ಒಬ್ಬ ವ್ಯಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿವೆ. ನಮ್ಮ ಮನೆಗಳಲ್ಲಿ ನಾಲ್ಕೈದು ಮಂದಿಗೆ ಒಂದೇ ಪಾತ್ರೆಯಲ್ಲಿ ಹುಳಿ ಕುದಿಯುತ್ತದೆ, ಒಗ್ಗರಣೆಯ ಎಣ್ಣೆಯನ್ನು ಕಣ್ಣಂದಾಜಿನಲ್ಲಿ ಸುರಿಯಲಾಗುತ್ತದೆ, ಬಡಿಸುವವರು ಬೇರೆ, ಉಣ್ಣುವವರು ಬೇರೆ. ಹೀಗಿರುವಾಗ ತಟ್ಟೆಯ ಮುಂದೆ ಕುಳಿತು ಲೆಕ್ಕ ಹಾಕಲು ಹೊರಟರೆ ಹೆಚ್ಚು ದಿನ ನಡೆಯುವುದಿಲ್ಲ. ಲೆಕ್ಕವನ್ನು ಒಲೆಯ ಮೇಲಿನ ಪಾತ್ರೆಯಲ್ಲೇ ಹಿಡಿಯಬೇಕು, ಮತ್ತು ಅದನ್ನು ದಿನಕ್ಕೆ ಬದಲು ವಾರಕ್ಕೆ ಹಿಡಿಯಬೇಕು ಎಂಬುದು ಈ ಬರಹದ ಮುಖ್ಯ ಸಲಹೆ. ಮುಂದಿನದೆಲ್ಲ ಅದನ್ನು ಮಾಡುವ ಬಗೆ.

ಆರಂಭದಲ್ಲೇ ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ರಕ್ತದ ಸಕ್ಕರೆಯನ್ನು ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮೂತ್ರಪಿಂಡದ ತೊಂದರೆ ಇರುವವರು, ಬೆಳೆಯುವ ವಯಸ್ಸಿನ ಮಕ್ಕಳು ಮತ್ತು ಹಿಂದೆ ಊಟದ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರು ವೈದ್ಯರ ಸಲಹೆಯಿಲ್ಲದೆ ಕ್ಯಾಲೊರಿ ಕಡಿತಕ್ಕೆ ಕೈ ಹಾಕಬಾರದು. ಉಳಿದವರಲ್ಲೂ ಹೆಂಗಸರು 1,200ಕ್ಕಿಂತ, ಗಂಡಸರು 1,500ಕ್ಕಿಂತ ಕೆಳಗೆ ತಮ್ಮಷ್ಟಕ್ಕೆ ತಾವೇ ಇಳಿಯುವುದು ಸರಿಯಲ್ಲ.

ಗುರಿಯ ಅಂಕಿ

ದೇಹ ವಿಶ್ರಾಂತಿಯಲ್ಲಿದ್ದಾಗ ಖರ್ಚು ಮಾಡುವ ಶಕ್ತಿಯನ್ನು ಅಂದಾಜು ಮಾಡಲು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಕಿಲೋಗ್ರಾಂ ಲೆಕ್ಕದ ತೂಕವನ್ನು 10ರಿಂದ, ಸೆಂಟಿಮೀಟರ್ ಲೆಕ್ಕದ ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ಅದರಿಂದ ವಯಸ್ಸಿನ ಐದು ಪಟ್ಟನ್ನು ಕಳೆಯಬೇಕು. ಕೊನೆಯಲ್ಲಿ ಹೆಂಗಸರಾದರೆ 161 ಕಳೆಯಬೇಕು, ಗಂಡಸರಾದರೆ 5 ಕೂಡಿಸಬೇಕು. ಉದಾಹರಣೆಗೆ 38 ವರ್ಷದ, 156 ಸೆಂ.ಮೀ. ಎತ್ತರದ, 68 ಕಿಲೋ ತೂಕದ ಮಹಿಳೆಗೆ ಇದು 1,304 ಕ್ಯಾಲೊರಿ ಆಗುತ್ತದೆ. ಮನೆಗೆಲಸ, ಸ್ವಲ್ಪ ನಡಿಗೆ ಇರುವವರು ಇದನ್ನು 1.375ರಿಂದ ಗುಣಿಸುತ್ತಾರೆ, ಆಗ ದಿನದ ಒಟ್ಟು ಖರ್ಚು ಸುಮಾರು 1,800. ಇದರಿಂದ 350 ತಗ್ಗಿಸಿದರೆ ಗುರಿ 1,450.

ಒಂದು ಕಿಲೋ ದೇಹದ ಕೊಬ್ಬು ಸುಮಾರು 7,700 ಕ್ಯಾಲೊರಿಗೆ ಸಮ ಎಂಬ ಲೆಕ್ಕದಂತೆ, ದಿನಕ್ಕೆ 350ರ ಕೊರತೆ ವಾರಕ್ಕೆ 300 ಗ್ರಾಂ ಆಸುಪಾಸಿನ ಇಳಿಕೆಯನ್ನು ಕೊಡುತ್ತದೆ. ಇದು ಕಡಿಮೆಯಾಯಿತು ಎನ್ನಿಸಿ ಹಲವರು 800, 1,000 ಕ್ಯಾಲೊರಿಗಳನ್ನು ಒಟ್ಟಿಗೆ ಕಡಿಯುತ್ತಾರೆ. ಲೆಕ್ಕ ಮುರಿದುಬೀಳುವ ಅತಿ ಸಾಮಾನ್ಯ ಕಾರಣ ಇದೇ ಎಂದು ನನ್ನ ಅಭಿಪ್ರಾಯ. ಹಸಿವನ್ನು ಹತ್ತು ದಿನ ತಡೆದವರು ಹನ್ನೊಂದನೆಯ ದಿನ ಉಳಿಸಿದ್ದನ್ನೆಲ್ಲ ಒಂದೇ ಸಂಜೆಯಲ್ಲಿ ತಿಂದು ಮುಗಿಸುತ್ತಾರೆ. ನೆರೆಮನೆಯವರಿಗೆ ಕಾಣಿಸದಷ್ಟು ಸಣ್ಣದಾದ ಕೊರತೆಯೇ ತಿಂಗಳುಗಟ್ಟಲೆ ಉಳಿಯುವುದು.

ಸೂತ್ರ ಕೊಟ್ಟ ಅಂಕಿ ಅಂದಾಜಿನದೇ ಹೊರತು ಆಜ್ಞೆಯಲ್ಲ. ಒಂದೇ ವಯಸ್ಸು, ಒಂದೇ ತೂಕದ ಇಬ್ಬರ ನಡುವೆಯೂ ನೂರಾರು ಕ್ಯಾಲೊರಿಗಳ ವ್ಯತ್ಯಾಸ ಇರಬಹುದು. ಆದ್ದರಿಂದ 1,450 ಎಂದರೆ 1,350ರಿಂದ 1,550ರ ನಡುವಿನ ಯಾವ ದಿನವೂ ಸರಿಯಾದ ದಿನವೇ ಎಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಅಳೆಯುವುದು ಪಾತ್ರೆಯನ್ನು

ತಾವು ತಿಂದದ್ದನ್ನು ತಾವೇ ಅಂದಾಜು ಮಾಡುವುದರಲ್ಲಿ ಮನುಷ್ಯರು ಎಷ್ಟು ಎಡವುತ್ತಾರೆ ಎಂಬುದಕ್ಕೆ 1992ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಒಂದು ಅಧ್ಯಯನವನ್ನು ಇಂದಿಗೂ ಉದಾಹರಿಸುತ್ತಾರೆ. ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎಂದು ಹೇಳುತ್ತಿದ್ದವರನ್ನು ಪರೀಕ್ಷಿಸಿದಾಗ, ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿ ವರದಿ ಮಾಡುತ್ತಿದ್ದರೆಂದು ಕಂಡುಬಂತು. ಅವರ ದೇಹದ ಶಕ್ತಿವ್ಯಯದಲ್ಲಿ ಅಸಹಜವಾದದ್ದೇನೂ ಇರಲಿಲ್ಲ. ಇದನ್ನು ಸುಳ್ಳು ಎನ್ನುವುದಕ್ಕಿಂತ ಕಣ್ಣಂದಾಜಿನ ಮಿತಿ ಎನ್ನುವುದು ಸರಿ. ನಮ್ಮ ಅಡುಗೆಯಲ್ಲಿ ಈ ಮಿತಿ ಎದ್ದು ಕಾಣುವುದು ಎಣ್ಣೆ, ತುಪ್ಪ, ತೆಂಗಿನಕಾಯಿ ಮತ್ತು ಕಡಲೆಕಾಯಿ ಬೀಜದಲ್ಲಿ.

ಪಿಷ್ಟ ಮತ್ತು ಪ್ರೋಟೀನಿನ ಪ್ರತಿ ಗ್ರಾಮಿಗೆ 4 ಕ್ಯಾಲೊರಿ, ಕೊಬ್ಬಿನ ಪ್ರತಿ ಗ್ರಾಮಿಗೆ 9 ಕ್ಯಾಲೊರಿ. 15 ಮಿ.ಲೀ. ಹಿಡಿಯುವ ದೊಡ್ಡ ಚಮಚದ ಎಣ್ಣೆಗೆ ಸುಮಾರು 120, 5 ಮಿ.ಲೀ. ಚಹಾ ಚಮಚದ ಎಣ್ಣೆಗೆ 40. ಹಸಿ ತೆಂಗಿನ ತುರಿ 100 ಗ್ರಾಮಿಗೆ 350ರಿಂದ 400, ಒಣ ಕೊಬ್ಬರಿ 600ಕ್ಕೂ ಮೇಲು, ಕಡಲೆಕಾಯಿ ಬೀಜ 520ಕ್ಕೂ ಮೇಲು. ಇವುಗಳ ಜೊತೆ ಹೋಲಿಸಿದರೆ ಅಕ್ಕಿ, ರಾಗಿ, ಜೋಳ, ಗೋಧಿ ಹಿಟ್ಟುಗಳ ನಡುವಿನ ವ್ಯತ್ಯಾಸ ಲೆಕ್ಕಕ್ಕೇ ಬಾರದಷ್ಟು ಕಡಿಮೆ: ಎಲ್ಲವೂ ನೂರು ಗ್ರಾಮಿಗೆ 320ರಿಂದ 360ರೊಳಗೆ. ಅನ್ನ ಬಿಟ್ಟು ಮುದ್ದೆಗೆ ಬಂದರೆ ತೂಕ ಇಳಿಯುತ್ತದೆ ಎಂಬ ನಂಬಿಕೆಯಲ್ಲಿ ಕ್ಯಾಲೊರಿಯ ಮಟ್ಟಿಗೆ ಹುರುಳಿಲ್ಲ. ನಾರಿನಂಶ ಹೆಚ್ಚಿರುವ ಮುದ್ದೆ ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿಸಿಡುತ್ತದೆ ಎಂಬುದಷ್ಟೇ ಅದರ ಲಾಭ. ಅದೇನೂ ಸಣ್ಣ ಲಾಭವಲ್ಲ.

ಅಂಕಿಗಳಿಗಾಗಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಪೋಷಕಾಂಶ ಕೋಷ್ಟಕವನ್ನು ನಂಬಬಹುದು. ಅದರಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿರುವುದರಿಂದ 4.184ರಿಂದ ಭಾಗಿಸಿಕೊಳ್ಳಬೇಕು. ಆ್ಯಪ್‌ಗಳಲ್ಲಿ ‘ಸಾಂಬಾರು, ಒಂದು ಬಟ್ಟಲು’ ಎಂದು ಹುಡುಕಿದರೆ 60ರಿಂದ 250ರವರೆಗಿನ ಉತ್ತರಗಳು ಎದುರಾಗಬಹುದು, ಏಕೆಂದರೆ ಅವುಗಳಲ್ಲಿ ಬಹಳಷ್ಟನ್ನು ಬಳಕೆದಾರರೇ ಸೇರಿಸಿರುತ್ತಾರೆ. ಅವರ ಬಟ್ಟಲೂ ನಿಮ್ಮದಲ್ಲ, ಸಾಂಬಾರೂ ನಿಮ್ಮದಲ್ಲ.

ನಿಮ್ಮ ಮನೆಯ ಹುಳಿಯ ಲೆಕ್ಕವನ್ನು ನೀವೇ ಒಮ್ಮೆ ಮಾಡಿಟ್ಟುಕೊಳ್ಳುವುದು ಇದಕ್ಕಿಂತ ಸುಲಭ. ಕೆಲವು ನೂರು ರೂಪಾಯಿಗೆ ಸಿಗುವ ಅಡುಗೆಮನೆಯ ಡಿಜಿಟಲ್ ತಕ್ಕಡಿಯೊಂದು ಬೇಕು. ಮೊದಲು ನಿತ್ಯ ಬಳಸುವ ಮೂರು ನಾಲ್ಕು ಪಾತ್ರೆಗಳನ್ನು ಖಾಲಿಯಾಗಿ ತೂಗಿ, ಅವುಗಳ ತೂಕವನ್ನು ಒಂದು ಹಾಳೆಯಲ್ಲಿ ಬರೆದು ಅಲಮಾರಿನ ಬಾಗಿಲ ಒಳಬದಿಗೆ ಅಂಟಿಸಿ. ಹುಳಿ ಮಾಡುವ ದಿನ ಪಾತ್ರೆಗೆ ಬೀಳುವುದನ್ನೆಲ್ಲ ಬೀಳುವ ಮುನ್ನ ತೂಗಿ. ತೊಗರಿಬೇಳೆ 150 ಗ್ರಾಂ ಎಂದರೆ 500 ಕ್ಯಾಲೊರಿ. ತರಕಾರಿ 400 ಗ್ರಾಮಿಗೆ 120, ತೆಂಗಿನ ತುರಿ 60 ಗ್ರಾಮಿಗೆ 230, ಎಣ್ಣೆ 25 ಗ್ರಾಮಿಗೆ 225, ಹುಳಿಪುಡಿ ಮತ್ತು ಚೂರು ಬೆಲ್ಲಕ್ಕೆ ಸುಮಾರು 100. ಒಟ್ಟು 1,175. ಕುದಿದು ಇಳಿಸಿದ ಮೇಲೆ ಪಾತ್ರೆಯನ್ನು ತೂಗಿ ಖಾಲಿ ಪಾತ್ರೆಯ ತೂಕ ಕಳೆದಾಗ ಹುಳಿ 1,800 ಗ್ರಾಂ ಬಂದರೆ, ನೂರು ಗ್ರಾಮಿಗೆ 65 ಕ್ಯಾಲೊರಿ. ನಿಮ್ಮ ಸೌಟು 120 ಗ್ರಾಂ ಹಿಡಿಯುತ್ತದೆಂದಾದರೆ ಒಂದು ಸೌಟಿಗೆ 78. ಇನ್ನು ಮುಂದೆ ಅದೇ ಸೌಟು, ಅದೇ ಅಳತೆಯ ಹುಳಿ ಇರುವವರೆಗೆ ಮತ್ತೆ ತೂಗುವ ಅಗತ್ಯವಿಲ್ಲ. ಎಷ್ಟು ಸೌಟು ಎಂದು ನೆನಪಿಟ್ಟುಕೊಂಡರೆ ಸಾಕು. ಇದೇ ಹುಳಿಯನ್ನು ತೆಂಗಿಲ್ಲದೆ, ಹತ್ತು ಗ್ರಾಂ ಎಣ್ಣೆಯಲ್ಲಿ ಒಗ್ಗರಿಸಿದರೆ ನೂರು ಗ್ರಾಮಿಗೆ 45ಕ್ಕೆ ಇಳಿಯುತ್ತದೆ ಎಂಬುದೂ ಈ ಲೆಕ್ಕದಿಂದಲೇ ತಿಳಿಯುತ್ತದೆ.

ಪಾವು, ಬಟ್ಟಲು, ಲೋಟಗಳನ್ನು ಕೂಡ ಹೀಗೆಯೇ ಒಮ್ಮೆ ತೂಗಿ ಅವಕ್ಕೊಂದು ಅಂಕಿ ಕೊಟ್ಟುಬಿಡಬೇಕು. ಒಂದೊಂದು ಮನೆಯ ಪಾವು ಒಂದೊಂದು ಅಳತೆಯದು. ಅಕ್ಕಿಯನ್ನು ಹಸಿಯಾಗಿರುವಾಗಲೇ ಅಳೆಯುವುದು ನಂಬಿಕೆಗೆ ಅರ್ಹ, ಏಕೆಂದರೆ ಅನ್ನದ ತೂಕ ನೀರಿನ ಮೇಲೆ ನಿಲ್ಲುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಗೆ ಎಣ್ಣೆ ತಗಲುವುದಿಲ್ಲವಾದ್ದರಿಂದ ಹಿಟ್ಟಿನ ತೂಕವೇ ಲೆಕ್ಕ: 50 ಗ್ರಾಂ ಹಿಟ್ಟಿನ ರೊಟ್ಟಿಗೆ 165. ಅಲ್ಲಿ ಲೆಕ್ಕ ತಪ್ಪುವುದು ಪಕ್ಕದಲ್ಲಿ ಬಡಿಸಿಕೊಳ್ಳುವ ಶೇಂಗಾ ಚಟ್ನಿಪುಡಿ ಮತ್ತು ಎಣ್ಣೆಗಾಯಿಯಲ್ಲಿ. ಎರಡನ್ನೂ ಚಮಚದಲ್ಲಿ ಅಳೆದು ಹಾಕಿಕೊಂಡರೆ ಮುಗಿಯಿತು. ಸೊಪ್ಪು, ಸೌತೆಕಾಯಿ, ಹೀರೆಕಾಯಿ, ಬೂದುಗುಂಬಳದಂಥವನ್ನು ಲೆಕ್ಕ ಹಾಕುವುದೇ ಬೇಡ. ಅವುಗಳಿಂದ ಯಾರೂ ದಪ್ಪಗಾಗಲಿಲ್ಲ, ಮತ್ತು ಎಲ್ಲವನ್ನೂ ಬರೆಯಲು ಹೊರಟ ಪುಸ್ತಕ ಒಂದು ವಾರದಲ್ಲಿ ಮುಚ್ಚಿಹೋಗುತ್ತದೆ.

ವಾರದ ಎಣ್ಣೆಯ ಬಾಟಲಿ

ಇಡೀ ಬರಹದಲ್ಲಿ ಒಂದನ್ನು ಮಾತ್ರ ಮಾಡಲು ಸಾಧ್ಯವೆನ್ನುವವರು ಇದನ್ನು ಮಾಡಬಹುದು. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ ಎಂದು ದಿನಸಿ ಚೀಟಿಯಲ್ಲಿ ನೋಡಿ. ನಾಲ್ವರ ಮನೆಗೆ ಮೂರು ಲೀಟರ್ ಎಂದಾದರೆ, ಒಂದು ಲೀಟರ್ ಸುಮಾರು 910 ಗ್ರಾಂ ತೂಗುವುದರಿಂದ ಒಟ್ಟು 24,500 ಕ್ಯಾಲೊರಿಗೂ ಮೇಲಾಗುತ್ತದೆ. ಒಬ್ಬರ ಪಾಲಿಗೆ ದಿನಕ್ಕೆ 200ಕ್ಕೂ ಸ್ವಲ್ಪ ಹೆಚ್ಚು. ತುಪ್ಪ, ಬೆಣ್ಣೆ, ಹೊರಗಿನ ತಿಂಡಿಯ ಎಣ್ಣೆ ಇದರಲ್ಲಿ ಸೇರಿಲ್ಲ. ಎಷ್ಟೋ ಮನೆಗಳಲ್ಲಿ ಈ ಅಂಕಿ ಮೂರರ ಬದಲು ಐದು ಲೀಟರಿನದಾಗಿರುತ್ತದೆ, ಅಂದರೆ ಒಬ್ಬರಿಗೆ 340.

ಒಬ್ಬರಿಗೆ ದಿನಕ್ಕೆ 20 ಗ್ರಾಂ ಎಂದು ನಿಶ್ಚಯಿಸಿದರೆ ನಾಲ್ವರಿಗೆ ವಾರಕ್ಕೆ 560 ಗ್ರಾಂ, ಅಂದರೆ 600 ಮಿ.ಲೀ.ಗಿಂತ ತುಸು ಹೆಚ್ಚು. ಭಾನುವಾರ ರಾತ್ರಿ ಅಷ್ಟನ್ನು ಒಂದು ಪ್ರತ್ಯೇಕ ಬಾಟಲಿಗೆ ಸುರಿದಿಟ್ಟು, ವಾರವಿಡೀ ಆ ಬಾಟಲಿಯಿಂದ ಮಾತ್ರ ಬಳಸಬೇಕು. ಬುಧವಾರಕ್ಕೇ ಅರ್ಧ ದಾಟಿದ್ದರೆ ಗುರುವಾರದ ಪಲ್ಯಕ್ಕೆ ಕೈ ತಾನಾಗಿಯೇ ಹಿಂಜರಿಯುತ್ತದೆ. ಯಾರಿಗೂ ಉಪದೇಶ ಮಾಡಬೇಕಾಗಿಲ್ಲ, ಪ್ರತಿ ಒಗ್ಗರಣೆಯನ್ನೂ ತೂಗಬೇಕಾಗಿಲ್ಲ. ಪೂರಿ, ಬೋಂಡಾ ಕರಿಯುವ ದಿನ ಮಾತ್ರ ಬಾಣಲೆಗೆ ಹಾಕುವ ಮುನ್ನ ಮತ್ತು ಕರಿದಾದ ಮೇಲೆ ಎಣ್ಣೆಯನ್ನು ತೂಗಿ, ಎರಡರ ವ್ಯತ್ಯಾಸವನ್ನು ತಿಂದವರಿಗೆ ಹಂಚಿ ಲೆಕ್ಕ ಹಿಡಿಯಿರಿ.

ಅಡುಗೆ ಬೇರೆಯವರ ಕೈಯಲ್ಲಿದ್ದರೆ ವಿಷಯ ಸ್ವಲ್ಪ ಸೂಕ್ಷ್ಮ. ಅತ್ತೆಯೋ ಅಮ್ಮನೋ ನಲವತ್ತು ವರ್ಷ ಮಾಡಿಕೊಂಡು ಬಂದ ಅಡುಗೆಯ ಎಣ್ಣೆಯನ್ನು ಅಳೆಯಲು ಹೋದರೆ ಅದು ಅಡುಗೆಯ ಮೇಲಿನ ದೂರಾಗಿ ಕೇಳಿಸುತ್ತದೆ. ಹಾಗಾಗಿ ಒಗ್ಗರಣೆಗೂ ತೆಂಗು ಬೀಳುವುದಕ್ಕೂ ಮೊದಲು ನಿಮ್ಮ ಪಾಲಿನ ಪಲ್ಯ, ಹುಳಿಯನ್ನು ತೆಗೆದಿಡುವಂತೆ ಕೇಳಿಕೊಂಡು, ಅದಕ್ಕೆ ನೀವೇ ಒಂದು ಚಹಾ ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು ಸಿಡಿಸಿಕೊಳ್ಳುವುದು ಉತ್ತಮ. ಉಳಿದವರ ರುಚಿಗೆ ಭಂಗವಿಲ್ಲ, ನಿಮ್ಮ ಲೆಕ್ಕವೂ ನಿಮ್ಮ ಕೈಯಲ್ಲಿ.

ಸ್ಥಿರವಾದ ಊಟಗಳು, ಬದಲಾಗುವ ಒಂದು ಊಟ

ದಿನದ ಮೂರು ಹೊತ್ತೂ ಹೊಸ ಅಡುಗೆ, ಹೊಸ ಲೆಕ್ಕ ಎಂದರೆ ಯಾರಿಗಾದರೂ ಸಾಕಾಗಿಬಿಡುತ್ತದೆ. ಬೆಳಗಿನ ತಿಂಡಿ ಮತ್ತು ಸಂಜೆಯ ತಿನಿಸನ್ನು ಸ್ಥಿರಗೊಳಿಸಿ, ಮಧ್ಯಾಹ್ನದ ಊಟದ ಅಳತೆಯನ್ನು ಹೆಚ್ಚೂಕಡಿಮೆ ಒಂದೇ ಆಗಿರಿಸಿ, ರಾತ್ರಿಯದನ್ನು ಮಾತ್ರ ಮನೆಯ ಅಡುಗೆಯಂತೆ ಬದಲಾಗಲು ಬಿಟ್ಟರೆ ಲೆಕ್ಕ ಹಗುರಾಗುತ್ತದೆ.

ಬೆಳಗಿಗೆ 300 ಕ್ಯಾಲೊರಿಯೊಳಗೆ ಬರುವ ಮೂರು ತಿಂಡಿಗಳನ್ನು ಆರಿಸಿಕೊಂಡರೆ ಸಾಕು. ಮೂರು ಇಡ್ಲಿ ಮತ್ತು ಒಂದು ಸೌಟು ಸಾಂಬಾರು. 50 ಗ್ರಾಂ ರವೆಗೆ ಹತ್ತು ಗ್ರಾಂ ಎಣ್ಣೆ ಮತ್ತು ಧಾರಾಳ ತರಕಾರಿ ಹಾಕಿದ ಉಪ್ಪಿಟ್ಟು. ಅಷ್ಟೇ ಅಳತೆಯ ಅವಲಕ್ಕಿ. ತೆಂಗಿನ ಚಟ್ನಿಯ ಬದಲು ಹೀರೆಕಾಯಿ ಸಿಪ್ಪೆಯ ಅಥವಾ ಟೊಮೆಟೊ ಚಟ್ನಿ ಮಾಡಿಕೊಂಡರೆ ಇನ್ನೂ ಒಂದು ಇಡ್ಲಿಗೆ ಜಾಗ ಸಿಗುತ್ತದೆ. ಮಧ್ಯಾಹ್ನಕ್ಕೆ 80 ಗ್ರಾಂ ಹಿಟ್ಟಿನ ಒಂದು ಮುದ್ದೆ, ಎರಡು ಸೌಟು ಹುಳಿ, ಒಂದು ಲೋಟ ನೀರು ಮಜ್ಜಿಗೆ ಎಂದರೆ ಸುಮಾರು 450. ರಾತ್ರಿ 60 ಗ್ರಾಂ ಅಕ್ಕಿಯ ಅನ್ನ, ತಿಳಿ ಸಾರು, ಹೆಸರುಕಾಳಿನ ಪಲ್ಯ, ಮಜ್ಜಿಗೆ ಸೇರಿ 400. ಮೇಲೆ ಹೇಳಿದ ಮಹಿಳೆಯ ಲೆಕ್ಕದಲ್ಲಿ ಇನ್ನು ಉಳಿಯುವ 300ರಲ್ಲಿ ಎರಡು ಕಾಫಿಗೆ 100, ಸಂಜೆಗೆ 150. ಒಟ್ಟು 1,400.

ಪ್ರೋಟೀನ್ ಕಡಿಮೆಯಾದ ದಿನ ರಾತ್ರಿ ಒಂಬತ್ತಕ್ಕೆ ಮತ್ತೆ ಹಸಿವಾಗುತ್ತದೆ. ಸಾರಿಗಿಂತ ಹುಳಿ, ಬರೀ ಅನ್ನಕ್ಕಿಂತ ಮೊಳಕೆಕಾಳು, ಮೊಸರು, ಮೊಟ್ಟೆ, ಮೀನು, ಕೋಳಿ ಇವುಗಳಲ್ಲಿ ಮನೆಯ ಪದ್ಧತಿಗೆ ಹೊಂದುವ ಒಂದಾದರೂ ಪ್ರತಿ ಊಟದಲ್ಲಿ ಇರಲಿ. ಒಂದು ಬೇಯಿಸಿದ ಮೊಟ್ಟೆಯಲ್ಲಿ ಸುಮಾರು 75 ಕ್ಯಾಲೊರಿಗೆ 6 ಗ್ರಾಂ ಪ್ರೋಟೀನ್ ಸಿಗುತ್ತದೆ.

ಸಂಜೆ ಐದರಿಂದ ಏಳರ ನಡುವಿನ ಹೊತ್ತಿನ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. ಬೆಳಗಿನಿಂದ ಶಿಸ್ತಾಗಿ ನಡೆದ ಲೆಕ್ಕ ತಲೆಕೆಳಗಾಗುವುದು ಸಾಮಾನ್ಯವಾಗಿ ಈ ಎರಡು ಗಂಟೆಗಳಲ್ಲಿ. ಮಧ್ಯಾಹ್ನದ ಊಟ ಕರಗಿರುತ್ತದೆ, ರಾತ್ರಿಯ ಊಟ ಒಂಬತ್ತಕ್ಕಿಂತ ಮೊದಲು ಆಗುವುದಿಲ್ಲ, ಕಚೇರಿಯಿಂದ ಬರುವ ದಾರಿಯಲ್ಲಿ ಬಜ್ಜಿಯ ಬಾಣಲೆ, ಮನೆಯಲ್ಲಿ ಖಾರದ ಮಿಕ್ಸ್ಚರ್ ಡಬ್ಬ. ಡಬ್ಬಕ್ಕೆ ಕೈ ಹಾಕಿ ತಿನ್ನುವ ಕಾಂಗ್ರೆಸ್ ಕಡಲೆಕಾಯಿ 50 ಗ್ರಾಂ ಆಗುವುದಕ್ಕೆ ಐದು ನಿಮಿಷ ಬೇಡ, ಅಷ್ಟರಲ್ಲಿ 300 ಕ್ಯಾಲೊರಿಯ ಹತ್ತಿರ ಹೋಗಿರುತ್ತದೆ. ‘ಸಂಜೆ ಏನೂ ತಿನ್ನುವುದಿಲ್ಲ’ ಎಂಬ ಪ್ರತಿಜ್ಞೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬದಲಿಗೆ 150 ಕ್ಯಾಲೊರಿಯನ್ನು ಈ ಹೊತ್ತಿಗೆಂದೇ ಬೆಳಗ್ಗೆಯೇ ಮೀಸಲಿಡಿ. 30 ಗ್ರಾಂ ಹುರಿಗಡಲೆ ಮತ್ತು ಒಂದು ಲೋಟ ಮಜ್ಜಿಗೆ ಈ ಅಳತೆಯಲ್ಲಿ ಬರುತ್ತದೆ. 25 ಗ್ರಾಂ ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ನಿಂಬೆರಸ ಬೆರೆಸಿದ ಚುರುಮುರಿ ಒಂದು ದೊಡ್ಡ ಬಟ್ಟಲು ತುಂಬುತ್ತದೆ, ಒಂದು ಚಮಚ ಎಣ್ಣೆ ಹಾಕಿದರೂ 150 ದಾಟುವುದಿಲ್ಲ. ಹುಬ್ಬಳ್ಳಿ–ಧಾರವಾಡದ ಗಿರ್ಮಿಟ್ಟಿನಲ್ಲಿ ಎಣ್ಣೆಯ ಒಗ್ಗರಣೆ ಹೆಚ್ಚಿರುವುದರಿಂದ ಅದನ್ನು ಮನೆಯಲ್ಲಿ ಮಾಡಿಕೊಂಡರೆ ಮಾತ್ರ ಈ ಲೆಕ್ಕ ಹೊಂದುತ್ತದೆ. ಎರಡು ಏಲಕ್ಕಿ ಬಾಳೆಹಣ್ಣು ಇನ್ನೂ ಸುಲಭ. ಏನನ್ನೇ ತಿಂದರೂ ಬಟ್ಟಲಿಗೆ ಹಾಕಿಕೊಂಡು ತಿನ್ನಬೇಕು, ಡಬ್ಬದಿಂದ ನೇರವಾಗಿ ತಿನ್ನಬಾರದು. ಹಸಿವಾಗದಿದ್ದರೂ ಗೊತ್ತಾದ ಹೊತ್ತಿಗೆ ಇದನ್ನು ತಿಂದುಬಿಡುವುದು ಒಳ್ಳೆಯದು, ಹಸಿವು ಕೆರಳಿದ ಮೇಲೆ ಅಳತೆ ಕೈಗೆ ಸಿಗುವುದಿಲ್ಲ.

ಪುಸ್ತಕಕ್ಕೆ ಬಾರದವು

ತಟ್ಟೆಯ ಹೊರಗೆ ತಿಂದದ್ದು ನೆನಪಿನಲ್ಲಿ ಉಳಿಯುವುದಿಲ್ಲ. ಉಪ್ಪು ನೋಡಲು ನಾಲಿಗೆಗೆ ಹಚ್ಚಿದ್ದು ಸರಿ. ಆದರೆ ಕಾಯಿ ತುರಿಯುವಾಗ ಬಾಯಿಗೆ ಹೋದ ಚೂರು, ಚಕ್ಕುಲಿ ಬೆಂದಿದೆಯೇ ಎಂದು ನೋಡಿದ ಮೊದಲ ಎರಡು, ಮಕ್ಕಳು ತಟ್ಟೆಯಲ್ಲಿ ಬಿಟ್ಟೆದ್ದ ಅರ್ಧ ದೋಸೆ, ‘ಇಷ್ಟಕ್ಕೆ ಪಾತ್ರೆ ಬೇರೆ ಯಾಕೆ’ ಎಂದು ಮುಗಿಸಿದ ಚಿತ್ರಾನ್ನ, ಇವೆಲ್ಲ ಸೇರಿದರೆ ಒಂದು ತಿಂಡಿಯಷ್ಟಾಗುತ್ತದೆ. ಅನ್ನವನ್ನು ಚೆಲ್ಲಬಾರದೆಂಬ ಸಂಸ್ಕಾರವನ್ನು ಬಿಡಬೇಕಾಗಿಲ್ಲ. ಮಿಕ್ಕಿದ್ದನ್ನು ಡಬ್ಬಕ್ಕೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮರುದಿನದ ತಿಂಡಿಯ ಲೆಕ್ಕದಲ್ಲಿ ಸೇರಿಸಿ, ಮಕ್ಕಳಿಗೆ ಮೊದಲು ಅರ್ಧ ದೋಸೆ ಬಡಿಸಿ ಕೇಳಿದರೆ ಮತ್ತರ್ಧ ಹಾಕಿ. ಅವರ ಎದುರಿಗೆ ಕ್ಯಾಲೊರಿ, ದಪ್ಪ ಎಂಬ ಮಾತುಗಳನ್ನು ಆಡದಿರುವುದು ಒಳಿತು ಎಂದೂ ಇಲ್ಲಿಯೇ ಹೇಳಿಬಿಡುತ್ತೇನೆ.

ಕುಡಿಯುವುದರದ್ದು ಇನ್ನೊಂದು ಲೆಕ್ಕ. ಶೇ. 3 ಕೊಬ್ಬಿನ ಟೋನ್ಡ್ ಹಾಲು 60 ಮಿ.ಲೀ. ಮತ್ತು ಒಂದು ಚಮಚ ಸಕ್ಕರೆ ಹಾಕಿದ ಕಾಫಿಗೆ ಸುಮಾರು 50 ಕ್ಯಾಲೊರಿ. ಶೇ. 6 ಕೊಬ್ಬಿನ ಗಟ್ಟಿ ಹಾಲಿನಲ್ಲಿ, ಎರಡು ಚಮಚ ಸಕ್ಕರೆಯೊಂದಿಗೆ ಅದು 80–90ಕ್ಕೆ ಹೋಗುತ್ತದೆ. ದಿನಕ್ಕೆ ಐದು ಕಾಫಿಯ ಅಭ್ಯಾಸವಿರುವವರು ಎರಡಕ್ಕೆ ಇಳಿಯಲಾಗದಿದ್ದರೆ ಹಾಲಿನ ಪ್ಯಾಕೆಟ್ ಬದಲಿಸಿ ಸಕ್ಕರೆಯನ್ನು ವಾರಕ್ಕೆ ಕಾಲು ಚಮಚದಂತೆ ತಗ್ಗಿಸಬಹುದು.

ವಾರದ ಲೆಕ್ಕ ಮತ್ತು ಹಬ್ಬದ ಎಲೆ

ದಿನಕ್ಕೆ 1,450 ಎಂದರೆ ವಾರಕ್ಕೆ 10,150. ಆರು ದಿನ 1,400ರಲ್ಲಿ ನಿಂತರೆ ಏಳನೆಯ ದಿನಕ್ಕೆ 1,750 ಉಳಿಯುತ್ತದೆ. ಭಾನುವಾರದ ಬಾಡೂಟವೋ ಹೊರಗಿನ ಮಸಾಲೆ ದೋಸೆಯೋ ಇದರೊಳಗೆ ತಪ್ಪಿತಸ್ಥ ಭಾವವಿಲ್ಲದೆ ಬರುತ್ತದೆ. ದಿನದ ಅಂಕಿಗೆ ಅಂಟಿಕೊಂಡವರು ಒಂದು ಮದುವೆಯ ಊಟದಿಂದ ‘ಎಲ್ಲ ಹಾಳಾಯಿತು’ ಎಂದುಕೊಂಡು ಮುಂದಿನ ಮೂರು ದಿನಗಳನ್ನು ನಿಜವಾಗಿಯೂ ಹಾಳು ಮಾಡಿಕೊಳ್ಳುತ್ತಾರೆ. ವಾರವನ್ನು ಹಿಡಿದವರಿಗೆ ಅದು ಏಳರಲ್ಲೊಂದು ದಿನ.

ಮದುವೆ ಮನೆಯಲ್ಲಿ ಬಾಳೆಲೆಯ ಮುಂದೆ ಕುಳಿತಾಗ ಮಾಡಬಹುದಾದದ್ದು ಇಷ್ಟು. ಕೋಸಂಬರಿ, ಪಲ್ಯಗಳನ್ನು ಮೊದಲು ಮುಗಿಸಿ, ಎರಡನೆಯ ಬಾರಿಗೂ ಅವನ್ನೇ ಕೇಳಿ. ಚಿತ್ರಾನ್ನ, ಪುಳಿಯೋಗರೆ, ಬಿಸಿಬೇಳೆಬಾತು ಮೂರೂ ಅನ್ನವೇ ಆದ್ದರಿಂದ ಇಷ್ಟವಾದ ಒಂದನ್ನು ಇರಿಸಿಕೊಂಡು ಬಿಳಿ ಅನ್ನವನ್ನು ಅಷ್ಟಕ್ಕೆ ತಗ್ಗಿಸಿ. ಸಿಹಿಯಲ್ಲಿ ಹೋಳಿಗೆಯೋ ಜಿಲೇಬಿಯೋ ಯಾವುದಾದರೂ ಒಂದು. ಹೋಳಿಗೆ ಒಂದಕ್ಕೆ ಅಂದಾಜು 250ರಿಂದ 300, ಮೇಲೆ ಸುರಿಯುವ ಚಮಚ ತುಪ್ಪಕ್ಕೆ ಇನ್ನೂ 40ಕ್ಕೂ ಹೆಚ್ಚು. ಉಪಚಾರ ಮಾಡುವವರಿಗೆ ‘ಬೇಡ’ ಎಂದರೆ ಕೇಳಿಸುವುದಿಲ್ಲ. ‘ಬಹಳ ಚೆನ್ನಾಗಿದೆ, ಆಗಲೇ ಹಾಕಿಸಿಕೊಂಡೆ’ ಎಂದು ಎಲೆಗೆ ಕೈ ಅಡ್ಡ ಹಿಡಿದರೆ ಅವರೂ ಸಂತೋಷವಾಗಿ ಮುಂದಕ್ಕೆ ಹೋಗುತ್ತಾರೆ.

ಆ ರಾತ್ರಿ ಉಪವಾಸ ಮಾಡುವುದು, ಮರುದಿನ ತಿಂಡಿ ಬಿಡುವುದು ಬೇಡ. ಮುಂದಿನ ಊಟ ಎಂದಿನ ಅಳತೆಯ ಊಟವೇ ಆಗಿರಬೇಕು. ಮದುವೆಯಲ್ಲಿ 700 ಹೆಚ್ಚಾಗಿದ್ದರೆ ಅದನ್ನು ಮುಂದಿನ ಏಳು ದಿನಕ್ಕೆ ನೂರರಂತೆ ಹಂಚಬಹುದು, ಆಗದಿದ್ದರೆ ಬಿಟ್ಟುಬಿಡಬಹುದು. ಬಿಟ್ಟರೆ ಆಗುವ ನಷ್ಟ ಎರಡು ದಿನಗಳದು. ಏಕಾದಶಿಯ ಉಪವಾಸವನ್ನು ತೂಕ ಇಳಿಸುವ ಉಪಾಯವೆಂದು ನಂಬಿದವರೂ ಲೆಕ್ಕ ಹಾಕಿ ನೋಡಬೇಕು. ಅವಲಕ್ಕಿ, ಸಬ್ಬಕ್ಕಿ ಎರಡೂ ನೂರು ಗ್ರಾಮಿಗೆ 350ರ ಆಸುಪಾಸಿನವು. ಫಲಾಹಾರದ ಹೆಸರಿನಲ್ಲಿ ತುಪ್ಪ, ಕಡಲೆಕಾಯಿ ಬೀಜದೊಂದಿಗೆ ಅವು ಎರಡು ಸಲ ಬಂದರೆ ಎಂದಿನ ದಿನಕ್ಕಿಂತ ಹೆಚ್ಚೇ ಆಗುತ್ತದೆ. ವ್ರತದ ಉದ್ದೇಶ ಬೇರೆ, ಅದನ್ನು ತೂಕದ ಲೆಕ್ಕಕ್ಕೆ ಎಳೆಯದಿರುವುದೇ ಮೇಲು.

ಶ್ರಾವಣದಿಂದ ದೀಪಾವಳಿಯವರೆಗೆ ಹಬ್ಬಗಳ ಸಾಲು ಬರುವಾಗ, ವರಮಹಾಲಕ್ಷ್ಮಿ, ಗೌರಿ–ಗಣೇಶ, ದಸರಾದ ವಾರಗಳಲ್ಲಿ ಇಳಿಸುವ ಗುರಿಯನ್ನೇ ಕೈಬಿಟ್ಟು ತೂಕ ಏರದಂತೆ ನೋಡಿಕೊಳ್ಳುವ ಗುರಿಯನ್ನು ಇಟ್ಟುಕೊಳ್ಳುವುದು ಜಾಣತನ. ನಮ್ಮ ಉದಾಹರಣೆಯ ಮಹಿಳೆಗೆ ಅದು 1,800. ಅಳತೆಯ ಸೌಟು, ಎಣ್ಣೆಯ ಬಾಟಲಿ ಹಾಗೆಯೇ ಇರುತ್ತವೆ, ಮಿತಿ ಮಾತ್ರ ಸಡಿಲವಾಗುತ್ತದೆ.

ಮನೆಯ ಹೊರಗೆ ದಿನವೂ ಉಣ್ಣುವವರಿಗೆ, ಪಿ.ಜಿ.ಯಲ್ಲಿರುವವರಿಗೆ ಪಾತ್ರೆಯ ಲೆಕ್ಕ ಸಾಧ್ಯವಿಲ್ಲ. ಅವರು ಆವಿಯಲ್ಲಿ ಬೆಂದದ್ದನ್ನು ಕರಿದದ್ದಕ್ಕಿಂತ ಮೊದಲು ಆರಿಸಿಕೊಂಡು, ಒಂದೇ ದರ್ಶಿನಿಯಲ್ಲಿ ಒಂದೇ ಬಗೆಯ ತಿಂಡಿಗೆ ಅಂಟಿಕೊಂಡರೆ ಅಂದಾಜು ತಪ್ಪಿದ್ದರೂ ತಪ್ಪು ಪ್ರತಿದಿನ ಒಂದೇ ಅಳತೆಯದಾಗಿರುತ್ತದೆ, ಅದನ್ನು ಆಮೇಲೆ ತಿದ್ದಿಕೊಳ್ಳಬಹುದು. ದೇಶದಲ್ಲಿ ಹತ್ತು ಅಥವಾ ಹೆಚ್ಚು ಕಡೆ ಮಳಿಗೆಗಳಿರುವ ಹೋಟೆಲ್ ಸರಣಿಗಳು ತಿನಿಸುಪಟ್ಟಿಯಲ್ಲಿ ಕ್ಯಾಲೊರಿ ನಮೂದಿಸಬೇಕೆಂಬ ನಿಯಮವಿದೆ. ಅಂಥ ಕಡೆ ಕೇಳಿ ನೋಡಬಹುದು.

ತೂಕದ ಯಂತ್ರವನ್ನು ಓದುವ ಬಗೆ

ಲೆಕ್ಕ ಸರಿಯಿದ್ದೂ ತೂಕ ಏರಿದ ದಿನ ಬೇಸತ್ತು ಬಿಡುವವರೇ ಹೆಚ್ಚು. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಹೆಚ್ಚಾದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ನಾಯು, ಯಕೃತ್ತಿನಲ್ಲಿ ಸಂಗ್ರಹವಾಗುವ ಪ್ರತಿ ಗ್ರಾಂ ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಪಿಷ್ಟ) ತನ್ನೊಂದಿಗೆ ಮೂರು ಗ್ರಾಮಿನಷ್ಟು ನೀರನ್ನು ಇರಿಸಿಕೊಳ್ಳುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದೆರಡು ಕಿಲೋ ಏರುವುದೂ ಉಂಟು. ಇವು ಯಾವುವೂ ಕೊಬ್ಬಲ್ಲ. ಬೆಳಗ್ಗೆ ಶೌಚ ಮುಗಿಸಿ, ಏನನ್ನೂ ಕುಡಿಯುವ ಮುನ್ನ ತೂಗಿ ಬರೆದಿಟ್ಟು, ಏಳು ದಿನದ ಸರಾಸರಿಯನ್ನು ಹಿಂದಿನ ಏಳು ದಿನದ ಸರಾಸರಿಯೊಂದಿಗೆ ಮಾತ್ರ ಹೋಲಿಸಬೇಕು. ಹೆಂಗಸರು ಈ ತಿಂಗಳ ವಾರವನ್ನು ಕಳೆದ ತಿಂಗಳ ಅದೇ ವಾರದೊಂದಿಗೆ ಹೋಲಿಸಿದರೆ ಚಿತ್ರ ಇನ್ನೂ ಸ್ಪಷ್ಟ. ಪ್ರತಿದಿನ ಯಂತ್ರ ಹತ್ತುವುದು ಮನಸ್ಸಿಗೆ ಹಿಂಸೆಯೆನಿಸುವವರು ವಾರಕ್ಕೆ ಮೂರು ದಿನ ತೂಗಲಿ.

ನಾಲ್ಕು ವಾರ ಸರಾಸರಿ ಅಲುಗದಿದ್ದರೆ ಊಟ ಕಡಿಯುವ ಮೊದಲು ಒಂದು ವಾರ ಎಲ್ಲವನ್ನೂ ಮತ್ತೆ ತೂಗಿ ನೋಡಬೇಕು. ಅಷ್ಟರಲ್ಲಿ ಸೌಟು ತುಂಬಿ ತುಳುಕತೊಡಗಿರುತ್ತದೆ, ಚಮಚ ಗೋಪುರವಾಗಿರುತ್ತದೆ, ವಾರದ ಬಾಟಲಿಗೆ ಶುಕ್ರವಾರ ಸ್ವಲ್ಪ ಎಣ್ಣೆ ಸೇರಿರುತ್ತದೆ. ಅಲ್ಲೆಲ್ಲ ಸರಿಯಿದ್ದರೆ ದಿನಕ್ಕೆ 100 ತಗ್ಗಿಸಿ ಮತ್ತೆ ಮೂರು ವಾರ ಕಾಯಿರಿ. ಅದಕ್ಕೂ ಫಲವಿಲ್ಲದೆ ಆಯಾಸ, ಕೂದಲು ಉದುರುವುದು, ಮುಟ್ಟಿನ ಏರುಪೇರು ಜೊತೆಗಿದ್ದರೆ ವೈದ್ಯರನ್ನು ಕಂಡು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.

ತೂಗುವ, ಬರೆಯುವ ಕೆಲಸವನ್ನು ಜೀವನಪೂರ್ತಿ ಮಾಡಬೇಕಾಗಿಲ್ಲ. ಮೊದಲ ಮೂರು ನಾಲ್ಕು ವಾರಗಳಲ್ಲಿ ಮನೆಯ ಹತ್ತು ಹದಿನೈದು ಅಡುಗೆಗಳ ಅಂಕಿ ಸಿಕ್ಕಿಬಿಡುತ್ತದೆ. ಆಮೇಲೆ ಎಣ್ಣೆಯ ಬಾಟಲಿ ಮತ್ತು ಸೌಟಿನ ಎಣಿಕೆ ಮಾತ್ರ ನಿತ್ಯದ್ದು. ಎರಡು ತಿಂಗಳಿಗೊಮ್ಮೆ ಒಂದು ವಾರ ತಕ್ಕಡಿಯನ್ನು ಹೊರತೆಗೆದರೆ ಸಾಕು. ಐದು ಕಿಲೋ ಇಳಿದ ಮೇಲೆ ಸೂತ್ರವನ್ನು ಮತ್ತೊಮ್ಮೆ ಹಾಕಬೇಕು, ಏಕೆಂದರೆ ಹಗುರಾದ ದೇಹದ ಖರ್ಚೂ ಕಡಿಮೆ. ನಮ್ಮ ಉದಾಹರಣೆಯ ಮಹಿಳೆ 63 ಕಿಲೋಗೆ ಬಂದಾಗ ದಿನದ ಒಟ್ಟು ಖರ್ಚು 1,725ರ ಹತ್ತಿರಕ್ಕೆ ಇಳಿಯುತ್ತದೆ, ಅಂದರೆ ಮೊದಲಿಗಿಂತ ಸುಮಾರು 70 ಕಡಿಮೆ. ಆ 70ನ್ನು ಮುದ್ದೆಯಿಂದಲೋ ಸಂಜೆಯ ಬಟ್ಟಲಿನಿಂದಲೋ ಕಿತ್ತುಕೊಳ್ಳುವುದಕ್ಕಿಂತ, ಅವರ ಪಾಲಿನ ಎಣ್ಣೆಯನ್ನು ದಿನಕ್ಕೆ ಒಂದು ಚಹಾ ಚಮಚದಷ್ಟು ತಗ್ಗಿಸಿ, ಎರಡೂ ಕಾಫಿಗಳನ್ನು ಸಕ್ಕರೆಯಿಲ್ಲದೆ ಕುಡಿದರೆ ಲೆಕ್ಕ ಸರಿಹೋಗುತ್ತದೆ.